ಮುಂದಿನ ಮಾಲೀಕರಿಗೆ ಒಂದು ಚೀಟಿ

ಕಾರಿನ ಕೆಳಗೆ ಅಂಗಾತ ಮಲಗಿ ನಾನು ಬೈದಷ್ಟು ಮತ್ತೆಲ್ಲೂ ಯಾರನ್ನೂ ಬೈದಿಲ್ಲ. ಆ ಬೈಗುಳದಲ್ಲಿ ದೊಡ್ಡ ಪಾಲು ಸಲ್ಲುವುದು ಒಬ್ಬನೇ ವ್ಯಕ್ತಿಗೆ, ನನಗಿಂತ ಮೊದಲು ಈ ಕಾರನ್ನು ಇಟ್ಟುಕೊಂಡಿದ್ದವನಿಗೆ. ಅವನ ಮುಖ ನೋಡಿಲ್ಲ. ಕೈಕೆಲಸ ಮಾತ್ರ ಚೆನ್ನಾಗಿ ಪರಿಚಯ. ಡ್ಯಾಶ್‌ಬೋರ್ಡಿನ ಹಿಂದೆ ಕೆಂಪು ಟೇಪು ಸುತ್ತಿ, ಎಲ್ಲಿಗೂ ಹೋಗದೆ ನಿಂತಿರುವ ಒಂದು ವೈರು. ಎಂಜಿನ್ನಿಗೂ ಒಳಗೆ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ ಫೈರ್‌ವಾಲಿನಲ್ಲಿ ಯಾವ ಕಾರಣಕ್ಕೋ ಕೊರೆದು, ಮತ್ತಾವ ಕಾರಣಕ್ಕೋ ರಬ್ಬರ್ ಬಿರಡೆ ಜಡಿದ ರಂಧ್ರ. ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಇರಬೇಕಾದಲ್ಲಿ ಅದರ ಕ್ಲಿಪ್ಪುಗಳ ಖಾಲಿ ತೂತುಗಳ ಸಾಲು. ಪ್ರತಿಯೊಂದಕ್ಕೂ ಆ ಹೊತ್ತಿಗೆ ಏನೋ ಒಂದು ಅರ್ಥ ಇದ್ದಿರಬೇಕು. ಅರ್ಥವನ್ನು ಅವನು ಜೊತೆಗೇ ಕೊಂಡೊಯ್ದಿದ್ದಾನೆ, ನನ್ನ ಪಾಲಿಗೆ ತೂತುಗಳು ಉಳಿದಿವೆ.

ಕಾರು ಮಾಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. 1989ರಲ್ಲಿ ಶಿಕಾಗೋ ಆಟೋ ಶೋದಲ್ಲಿ ಲೋಕಕ್ಕೆ ಮುಖ ತೋರಿಸಿದ ಮಾದರಿ. ನನ್ನದು ಅದರ ಮರುವರ್ಷದ್ದು. ಎರಡೇ ಆಸನ, 1.6 ಲೀಟರಿನ ಎಂಜಿನ್, ರೆಪ್ಪೆ ಎತ್ತಿದಂತೆ ಮೇಲೇಳುವ ದೀಪಗಳು, ಒಂದು ಟನ್ನಿಗೂ ಕಡಿಮೆ ತೂಕ. ಬಲದಲ್ಲಿ ದೊಡ್ಡ ಕಾರೇನಲ್ಲ. ಆದರೆ ತಿರುವಿನಲ್ಲಿ ಇದು ಕೊಡುವ ಖುಷಿಗೆ ಬಲದ ಲೆಕ್ಕ ಹೊಂದುವುದಿಲ್ಲ. ಆ ಖುಷಿಯ ಬೆನ್ನು ಹತ್ತಿ ವರ್ಷಕ್ಕೆ ನಾಲ್ಕೈದು ಸಲ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ. ತೊಂದರೆ ಶುರುವಾದದ್ದೂ ಅಲ್ಲೇ.

ಈ ಕಾರಿನಲ್ಲಿ ಆಯಿಲ್ ಒತ್ತಡದ ಮೀಟರ್ ಇದೆ, ಅದೂ ನಿಜವಾದ ಮೀಟರ್. 1995ರ ಮಾದರಿಯಿಂದ ಮುಂದೆ ಬಂದವುಗಳಲ್ಲೂ ಮುಳ್ಳು ಇದೆ, ಆದರೆ ಅದರ ಹಿಂದಿರುವುದು ಬರೀ ಒಂದು ಸ್ವಿಚ್ಚು. ಒತ್ತಡ ಒಂದು ಮಟ್ಟ ದಾಟಿತೋ ಮುಳ್ಳು ನಡುವೆ ಬಂದು ನಿಲ್ಲುತ್ತದೆ, ಮಾಲೀಕ ನೆಮ್ಮದಿಯಾಗಿರುತ್ತಾನೆ. ನನ್ನ ಮೀಟರ್ ಅಷ್ಟು ದಾಕ್ಷಿಣ್ಯದ್ದಲ್ಲ. ಟ್ರ್ಯಾಕಿನಲ್ಲಿ ಮೂರು ಸುತ್ತು ಮುಗಿದು ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅದೇ ವೇಗ, ಅದೇ ಗೇರ್, ಅದೇ ತಿರುವಿನಲ್ಲಿ ಮುಳ್ಳು ಮೊದಲಿಗಿಂತ ಕೆಳಗಿರುತ್ತಿತ್ತು. ಪಿಟ್‌ಗೆ ಬಂದು ನಿಲ್ಲಿಸಿದರೆ ಐಡಲಿಂಗಿನಲ್ಲಿ ಇನ್ನೂ ಕೆಳಗೆ, ನೋಡಲು ಮನಸ್ಸಾಗದಷ್ಟು ಕೆಳಗೆ. ಜೊತೆಗೆ ಟ್ಯಾಪೆಟ್‌ಗಳ ಟಿಕ್ ಟಿಕ್. 1.6ರ ಎಂಜಿನ್ನಿನಲ್ಲಿ ವಾಲ್ವ್‌ಗಳ ಸಂದನ್ನು ಸರಿದೂಗಿಸುವುದು ಆಯಿಲ್ ತುಂಬಿದ ಹೈಡ್ರಾಲಿಕ್ ಟ್ಯಾಪೆಟ್‌ಗಳು. ಅವುಗಳಿಗೆ ಸರಿಯಾದ ಆಯಿಲ್ ಸಿಗದಿದ್ದರೆ ಗೋಡೆ ಗಡಿಯಾರದ ಹಾಗೆ ಬಡಿದುಕೊಳ್ಳುತ್ತವೆ. ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ನಾಲ್ಕು ಸೆಕೆಂಡ್ ಬಡಿದುಕೊಂಡರೆ ಅದು ಈ ಕಾರಿನ ಕೆಮ್ಮು, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಬಿಸಿಯಾಗಿ ಬಂದು ನಿಂತಾಗ ಬಡಿದುಕೊಂಡರೆ ಕೆಮ್ಮಲ್ಲ, ದೂರು.

ಬಿಸಿಗೆ ಆಯಿಲ್ ತೆಳ್ಳಗಾಗಿ ಒತ್ತಡ ಇಳಿಯುತ್ತಿದೆ, ಗಾಳಿಯಿಂದ ಆಯಿಲನ್ನು ತಣಿಸುವ ಪುಟ್ಟ ರೇಡಿಯೇಟರ್, ಅಂದರೆ ಆಯಿಲ್ ಕೂಲರ್ ಹಾಕಿಬಿಡೋಣ ಎಂದು ಅಂದೇ ತೀರ್ಮಾನಿಸಿದೆ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿ ಎಷ್ಟು ಸಾಲಿನ (ಆಯಿಲ್ ಹರಿಯುವ ಚಪ್ಪಟೆ ನಾಳಗಳ ಸಾಲು) ಕೂಲರ್ ತರಲಿ ಎಂದು ಕೇಳಿದೆ.

“ಆಯಿಲ್ ಎಷ್ಟು ಬಿಸಿಯಾಗುತ್ತಿದೆ?” ಎಂದರು.

“ತುಂಬಾ ಬಿಸಿಯಾಗುತ್ತಿದೆ.”

“ತುಂಬಾ ಅಂದರೆ ಎಷ್ಟು? ಜ್ವರ ನೋಡದೆ ಮಾತ್ರೆ ಕೊಡುತ್ತೀರಾ ಸಾರ್?”

ನನ್ನಲ್ಲಿ ಉತ್ತರವಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನೀರಿನ ಬಿಸಿಗೆ ಮೀಟರ್ ಇದೆ, ಆಯಿಲ್‌ನ ಬಿಸಿಗೆ ಇಲ್ಲ. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಡ್ರೈನ್ ಪ್ಲಗ್ ತೆಗೆದು, ಅದರ ಜಾಗಕ್ಕೆ ಸೆನ್ಸರ್ ಕೂರಿಸಿದ ಪ್ಲಗ್ ಹಾಕಿ, ವೈರನ್ನು ಒಳಗೆಳೆದು ಒಂದು ಸಣ್ಣ ಮೀಟರಿಗೆ ಕೊಟ್ಟೆ. (ಫೈರ್‌ವಾಲಿನ ಆ ರಂಧ್ರ ಉಪಯೋಗಕ್ಕೆ ಬಂತು. ಹಳೆಯ ಮಾಲೀಕನಿಗೆ ಸಲ್ಲಿಸಿದ ಏಕೈಕ ಕೃತಜ್ಞತೆ ಇದು.) ಊರೊಳಗಿನ ಓಡಾಟದಲ್ಲಿ 90ರಿಂದ 95 ಡಿಗ್ರಿ. ಹೆದ್ದಾರಿಯಲ್ಲಿ 104. ಟ್ರ್ಯಾಕಿನ ನಾಲ್ಕನೆಯ ಸುತ್ತಿನ ಕೊನೆಗೆ 137, ಮುಳ್ಳು ಇನ್ನೂ ಏರುತ್ತಲೇ ಇತ್ತು.

137 ಎಂದರೆ ಏನೆಂದು ತಿಳಿಯಲು ಆಯಿಲ್ ಡಬ್ಬಿಯ ಮೇಲಿನ ಅಂಕಿಗಳನ್ನು ಓದಬೇಕು. 10ಡಬ್ಲ್ಯು-40 ಎಂಬಲ್ಲಿನ 40ಕ್ಕೆ ನಿಗದಿಯಾದ ಅರ್ಥವಿದೆ: 100 ಡಿಗ್ರಿಯಲ್ಲಿ ಆ ಆಯಿಲ್‌ನ ಸ್ನಿಗ್ಧತೆ (ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದರ ಅಳತೆ) 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ನಿಯಮ ಮಾತಾಡುವುದು 100 ಡಿಗ್ರಿಯ ಬಗ್ಗೆ. ಬಿಸಿ ಅಲ್ಲಿಂದ 130 ದಾಟುವಷ್ಟರಲ್ಲಿ ಆ ಅಂಕಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ನಾನು ಸುರಿದದ್ದು 40, ನಾಲ್ಕನೆಯ ಸುತ್ತಿನಲ್ಲಿ ಬೇರಿಂಗಿಗೆ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ತೆಳ್ಳನೆಯದು. ಬೇರಿಂಗ್ ಮತ್ತು ಅದರೊಳಗೆ ತಿರುಗುವ ದಂಡ ಕ್ರ್ಯಾಂಕಿನ ನಡುವೆ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಆಯಿಲ್‌ನ ಪೊರೆಯೊಂದೇ. ಒಳ್ಳೆಯ ಸಿಂಥೆಟಿಕ್ ಆಯಿಲ್ ಈ ಬಿಸಿಯನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ, ನಿಜ. ತಾಳಿಕೊಳ್ಳುತ್ತದೆ ಎಂದು ದಿನವೆಲ್ಲಾ ಪರೀಕ್ಷೆ ಮಾಡುವುದು ಬೇರೆ.

ಇಲ್ಲಿ ಒಂದು ಅಡ್ಡಮಾತು. ಮೊದಲನೆಯ ಮಹಾಯುದ್ಧದ ಕಾಲದ ರೋಟರಿ ವಿಮಾನ ಎಂಜಿನ್ನುಗಳಿಗೆ ಆಯಿಲ್ ಆಗಿ ಹಾಕುತ್ತಿದ್ದದ್ದು ಹರಳೆಣ್ಣೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಕ್ಯಾಸ್ಟರ್, ಅಂದರೆ ಹರಳೆಣ್ಣೆಯಿಂದ. ಬಿಸಿಯಲ್ಲೂ ಲೋಹವನ್ನು ಬಿಡದೆ ಅಂಟಿಕೊಳ್ಳುವ ಗುಣ ಅದಕ್ಕಿದೆ. ಆಮೇಲೆ ಗೋಂದಾಗುವ ದುರ್ಗುಣವೂ ಇದೆ. ಅಂದಿನಿಂದ ಇಂದಿನವರೆಗೆ ಆಯಿಲ್ ತಯಾರಿಸುವವರು ಮಾಡಿಕೊಂಡು ಬಂದದ್ದು ಆ ಗುಣವನ್ನು ಉಳಿಸಿ ದುರ್ಗುಣ ಕಳೆಯುವ ಕೆಲಸವೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಜ್ವರ ಎಷ್ಟೆಂದು ಗೊತ್ತಾದ ಮೇಲೂ ಮೆಕ್ಯಾನಿಕ್ ಮಾತ್ರೆ ಬರೆದುಕೊಡಲಿಲ್ಲ. ಮೊದಲು ಕೆಳಗಿನ ಹೊದಿಕೆ ಹಾಕಿ ಎಂದರು. ಅದೇ, ಹಳೆಯ ಮಾಲೀಕ ಬಿಚ್ಚಿ ಎಸೆದಿದ್ದ ಪ್ಲಾಸ್ಟಿಕ್. ನಾನೂ ಅದನ್ನು ಕೆಸರು ತಡೆಯುವ ಹಾಳೆ ಎಂದೇ ತಿಳಿದಿದ್ದೆ. ಅದರ ಮುಖ್ಯ ಕೆಲಸ ಗಾಳಿಯದು. ಮುಂಭಾಗದ ಬಾಯಿಯಿಂದ ಒಳಬಂದ ಗಾಳಿ ರೇಡಿಯೇಟರನ್ನು ಹಾದೇ ಹೋಗಬೇಕೆಂದು ಏನೂ ಇಲ್ಲ. ಸುಲಭದ ದಾರಿ ಕಂಡರೆ ಅದರಲ್ಲೇ ಹೊರಟುಹೋಗುತ್ತದೆ. ಹೊದಿಕೆ ಇಲ್ಲದಿದ್ದರೆ ಕೆಳಗೆ ಇಡೀ ಹೆಬ್ಬಾಗಿಲು ತೆರೆದಂತೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಹೊಸ ಹೊದಿಕೆ ಮಾಡಿ, ರೇಡಿಯೇಟರಿನ ಅಂಚುಗಳಿಗೆ ಫೋಮ್ ಪಟ್ಟಿ ಅಂಟಿಸಿದೆ. ಮುಂದಿನ ಸಲ ಟ್ರ್ಯಾಕಿನಲ್ಲಿ 131. ಕೂಲರ್ ಎಂಬ ವಸ್ತು ಮನೆಗೆ ಬರುವ ಮೊದಲೇ ಆರು ಡಿಗ್ರಿ ಇಳಿದಿತ್ತು.

ಈ ಎಂಜಿನ್ನಿನ ನೀರಿನ ಕಥೆಯೂ ಸ್ವಲ್ಪ ವಿಚಿತ್ರ. ಇದರ ಮೂಲ ಮನೆ ಮಾಜ್ದಾದ ಕುಟುಂಬದ ಕಾರು 323. ಅಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿತ್ತು. ನೀರು ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊರಬೀಳುತ್ತಿತ್ತು. ಸ್ಪೋರ್ಟ್ಸ್ ಕಾರಿಗೆ ತರುವಾಗ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದರು. ಹಿಂದಿನ ತುದಿ ಫೈರ್‌ವಾಲಿಗೆ ಒತ್ತಿಕೊಂಡದ್ದರಿಂದ ನೀರಿನ ಹೊರದಾರಿಯನ್ನೂ ಮುಂದಕ್ಕೇ ತಂದರು. ಹೀಗಾಗಿ ಹಿಂದಿನ ಸಿಲಿಂಡರುಗಳಿಗೆ ನೀರಿನ ಹರಿವು ಕಡಿಮೆ, ಬಿಸಿ ಹೆಚ್ಚು. ರಸ್ತೆಯ ಕಾರಿಗೆ ಇದರಿಂದ ಏನೂ ಆಗುವುದಿಲ್ಲ. ಕಾರ್ಖಾನೆಯವರು ತಪ್ಪು ಮಾಡಿದರು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಅವರು ಕಟ್ಟಿದ್ದು ರಸ್ತೆಗೆ, ಅರ್ಧ ಗಂಟೆ ಎಂಜಿನ್ ವೇಗದ ಮಿತಿಯ ಕೆಂಪು ಗೆರೆಯ ಹತ್ತಿರ ಓಡಿಸುತ್ತೇನೆಂದು ಹೊರಟವನು ನಾನು.

131ಕ್ಕೆ ಬಂದ ಮೇಲೆ ಕೂಲರ್ ಬೇಕೇ ಬೇಕು ಎಂದಾಯಿತು. ಒಂದು ಸಂಜೆ ಕೂತು ಕೀಲುಗಳ ಲೆಕ್ಕ ಹಾಕಿದೆ. ಕಾರ್ಖಾನೆಯಿಂದ ಬಂದಾಗ ಆಯಿಲ್ ಫಿಲ್ಟರ್ ನೇರವಾಗಿ ಎಂಜಿನ್ನಿಗೆ ಕೂರುತ್ತದೆ. ಹೊರಗಡೆ ಆಯಿಲ್ ಸೋರಬಹುದಾದ ಕೀಲು ಅಲ್ಲಿ ಒಂದೇ. ಕೂಲರ್ ಹಾಕಬೇಕಾದರೆ ಎಂಜಿನ್ ಮತ್ತು ಫಿಲ್ಟರಿನ ನಡುವೆ ಸ್ಯಾಂಡ್‌ವಿಚ್ ಪ್ಲೇಟ್ ಎಂಬ ದಪ್ಪ ಬಿಲ್ಲೆಯೊಂದು ಬರುತ್ತದೆ. ಅದು ಎಂಜಿನ್ನಿಗೆ ಕೂರುವಲ್ಲಿ ಒಂದು ಕೀಲು. ಪ್ಲೇಟಿನಲ್ಲಿ ಎರಡು ಅಡಾಪ್ಟರ್, ಕೂಲರಿನಲ್ಲಿ ಎರಡು. ಎರಡು ಹೋಸುಗಳ ನಾಲ್ಕು ತುದಿಗಳಲ್ಲಿ ತಿರುಗುವ ನಟ್ಟುಗಳು ನಾಲ್ಕು, ಹೋಸು ಫಿಟ್ಟಿಂಗಿನೊಳಗೆ ಸೇರುವ ಜಾಗಗಳು ಇನ್ನೂ ನಾಲ್ಕು. ಹೊಸ ಕೀಲುಗಳೇ ಒಟ್ಟು 13. ಮೈಯೊಳಗೆ ಹರಿಯುತ್ತಿದ್ದ ರಕ್ತನಾಳವನ್ನು ಹೊರಗೆಳೆದು ಬಂಪರಿನ ಹಿಂದೆ ತೂಗುಹಾಕುವ ಕೆಲಸ ಇದು. ಅದರಲ್ಲಿ ಯಾವ ಕೀಲು ಬಿಟ್ಟರೂ ಪಂಪು ತನ್ನ ಕೆಲಸ ನಿಲ್ಲಿಸುವುದಿಲ್ಲ. ಮೂರೂವರೆ ಲೀಟರ್ ಚಿಲ್ಲರೆ ಆಯಿಲ್ ರಸ್ತೆಗೆ ಸುರಿದು ಮುಗಿಯಲು ಹೆಚ್ಚು ಹೊತ್ತು ಬೇಕಿಲ್ಲ. ಬಿಸಿ ಆಯಿಲ್ ಬೇರಿಂಗನ್ನು ನಿಧಾನವಾಗಿ ತಿನ್ನುತ್ತದೆ, ಇಲ್ಲದ ಆಯಿಲ್ ಒಂದೇ ಸಲಕ್ಕೆ ಮುಗಿಸುತ್ತದೆ.

ಇಷ್ಟೆಲ್ಲ ಯೋಚಿಸಿದ ಮೇಲೂ ತರಿಸಿದೆ. 13 ಸಾಲಿನ ಪ್ಲೇಟ್ ಮಾದರಿಯ ಕೂಲರ್. 19 ಸಾಲಿನದು ಬಾಯಲ್ಲಿ ನೀರೂರಿಸುತ್ತದೆ, ಆದರೆ ಈ ಎಂಜಿನ್ನಿಗೆ ಅದು ಅತಿ. ಆಯಿಲ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ, ಸುಡದೆ ಉಳಿದ ಪೆಟ್ರೋಲ್ ಎರಡೂ ಒಂದಿಷ್ಟು ಆಯಿಲ್‌ಗೆ ಸೇರುತ್ತವೆ. ಅವು ಆವಿಯಾಗಿ ಹೊರಟುಹೋಗಬೇಕಾದರೆ ಆಯಿಲ್ 100ರ ಆಸುಪಾಸಿಗೆ ಏರಲೇಬೇಕು. ಎಪ್ಪತ್ತರಲ್ಲೇ ಉಳಿದರೆ ಫಿಲ್ಲರ್ ಮುಚ್ಚಳದ ಒಳಗೆ ಬಿಳಿಚಿಕೊಂಡ ಲೋಳೆ ಕಟ್ಟುತ್ತದೆ. ಅದಕ್ಕೆಂದೇ ಸುಮಾರು 80 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟನ್ನೇ ಆರಿಸಿದೆ. ಅದು ಮುಚ್ಚಿದ್ದಾಗಲೂ ಸ್ವಲ್ಪ ಆಯಿಲನ್ನು ಕೂಲರಿನತ್ತ ಬಿಡುತ್ತಿರುತ್ತದೆ. ತೆರೆದ ಕ್ಷಣ ತಣ್ಣನೆಯ ಗಟ್ಟಿ ಆಯಿಲ್ ಧುಮುಕಿ ಬರದಿರಲಿ ಎಂದು.

ಹಳೆಯ ಕೂಲರ್ ಒಂದು ಅಗ್ಗಕ್ಕೆ ಸಿಗುತ್ತಿತ್ತು, ಬೇಡವೆಂದೆ. ಅದು ಹಿಂದೆ ಕೂತಿದ್ದ ಎಂಜಿನ್ ಹೇಗೆ ಸತ್ತಿತೆಂದು ಯಾರು ಬಲ್ಲರು? ಬೇರಿಂಗ್ ಹೋಗಿ ಸತ್ತಿದ್ದರೆ ಲೋಹದ ಪುಡಿ ಆ ಸಾಲುಗಳ ಒಳಗಿನ ಸೂಕ್ಷ್ಮ ಮಡಿಕೆಗಳಲ್ಲಿ ಕೂತಿರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಬಿಸಿಯಾದಾಗ ಒಂದೊಂದೇ ಕಣ ಹೊರಡುತ್ತದೆ. ಬೇರೆಯದರಲ್ಲಿ ಎಷ್ಟು ಬೇಕಾದರೂ ಜಿಪುಣನಾಗಿ, ಇದೊಂದರಲ್ಲಿ ಬೇಡ.

ಕೂಲರಿಗೆ ಜಾಗ ಹುಡುಕಿದ್ದು ರಟ್ಟಿನಿಂದ. ಕೂಲರಿನ ಅಳತೆಗೆ ರಟ್ಟಿನ ಪೆಟ್ಟಿಗೆ ಮಾಡಿ, ಮುಂಭಾಗದ ಬಾಯೊಳಗೆ ಹಿಡಿದು, ಬೋನೆಟ್ ಮುಚ್ಚಿ, ಬಂಪರ್ ಕೂರಿಸಿ, ಮತ್ತೆ ಬಿಚ್ಚಿ ಎರಡು ಭಾನುವಾರ ಕಳೆದೆ. ಕೊನೆಗೆ ರೇಡಿಯೇಟರಿನ ಮುಂದೆ, ಕೆಳಗಡೆ, ಒಂದು ಕಡೆಗೆ ಸರಿಸಿ ಕೂರಿಸುವುದು ಎಂದಾಯಿತು. ಅಲ್ಲಿ ಕೂತರೆ ಅದರ ಬಿಸಿಗಾಳಿ ರೇಡಿಯೇಟರಿಗೇ ಹೋಗುತ್ತದೆ, ಗೊತ್ತು. ಚಕ್ರದ ಮುಂದಿನ ಮೂಲೆಯಲ್ಲಿ ಹಾಕಿದರೆ ಆ ತೊಡಕಿಲ್ಲ, ಆದರೆ ಅಲ್ಲಿಗೆ ಗಾಳಿ ತರಲು ಬಂಪರ್ ಕೊರೆಯಬೇಕು. ಈ ಕಾರಿನ ಮುಖಕ್ಕೆ ತೂತು ಕೊರೆಯಲು ನನಗೆ ಮನಸ್ಸಾಗಲಿಲ್ಲ. ಇದು ತಾಂತ್ರಿಕ ಕಾರಣವಲ್ಲ, ಒಪ್ಪಿಕೊಳ್ಳುತ್ತೇನೆ.

3 ಮಿಲಿಮೀಟರ್ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಬ್ರಾಕೆಟ್ ಮಾಡಿದೆ. ಕೂಲರನ್ನು ಬ್ರಾಕೆಟ್ಟಿಗೆ ನೇರವಾಗಿ ಬಿಗಿಯಲಿಲ್ಲ, ನಡುವೆ ರಬ್ಬರ್ ಗುಬ್ಬಿಗಳಿವೆ. ಎಂಜಿನ್ ತನ್ನ ರಬ್ಬರಿನ ಮೇಲೆ ಅಲುಗಾಡುತ್ತದೆ, ಚಾಸಿ ತನ್ನ ಪಾಡಿಗೆ ನಡುಗುತ್ತದೆ. ನಡುವೆ ಸಿಕ್ಕಿಕೊಂಡ ಕೂಲರಿನ ತೆಳು ಅಲ್ಯೂಮಿನಿಯಂ ಬಿಗಿಯಾಗಿ ನಿಂತರೆ ಇಂದಲ್ಲ ನಾಳೆ ಸೀಳುತ್ತದೆ. ಹೋಸಿನ ಬಾಯಿಗಳನ್ನು ಮೇಲ್ಮುಖವಾಗಿ ಇಟ್ಟೆ, ಒಳಗೆ ಸಿಕ್ಕಿದ ಗಾಳಿ ತಾನಾಗಿ ಹೊರಟುಹೋಗಲಿ ಎಂದು. ಇದಕ್ಕೂ ಬೆಲೆ ಇದೆ: ಆಯಿಲ್ ಬದಲಿಸುವಾಗ ಕೂಲರಿನಲ್ಲಿ ನಿಂತದ್ದು ಇಳಿದುಬರುವುದಿಲ್ಲ, ಹಳೆಯದರ ಒಂದು ಪಾಲು ಹೊಸದಕ್ಕೆ ಬೆರೆಯುತ್ತದೆ. ಬದಲಿಸುವ ಅವಧಿಯನ್ನೇ ಕಡಿಮೆ ಮಾಡಿಕೊಂಡೆ.

ಆಮೇಲೆ ಥ್ರೆಡ್‌ಗಳು, ಅಂದರೆ ಒಂದರೊಳಗೊಂದು ತಿರುಗಿ ಕೂರುವ ತಿರುಪಿನ ಗೆರೆಗಳು. ಈ ಇಡೀ ಕೆಲಸದಲ್ಲಿ ನಾನು ನಿಜವಾಗಿ ಹೆದರಿದ್ದು ಇಲ್ಲಿ. ತರಿಸಿದ ಹೋಸಿನ ಅಳತೆ ಎಎನ್-10. ಎಎನ್ ಎಂದರೆ ಆರ್ಮಿ-ನೇವಿ, ಅಮೆರಿಕದ ಸೈನ್ಯದ ಅಳತೆ. 10 ಎಂದರೆ ಇಂಚಿನ ಹದಿನಾರು ಭಾಗಗಳಲ್ಲಿ ಹತ್ತು. ಇದರ ಥ್ರೆಡ್ ಇಂಚಿನ ಎಂಟರಲ್ಲಿ ಏಳು ಭಾಗ, ಮಿಲಿಮೀಟರಿನಲ್ಲಿ 22.2, ಇಂಚಿಗೆ 14 ಸುತ್ತು. ಕೂಲರುಗಳಲ್ಲಿ ಕೆಲವಕ್ಕೆ 22 ಮಿಲಿಮೀಟರಿನ ಮೆಟ್ರಿಕ್ ಥ್ರೆಡ್, ಪ್ರತಿ ಸುತ್ತಿಗೂ ಒಂದೂವರೆ ಮಿಲಿಮೀಟರ್. ಇನ್ನು ಕೆಲವಕ್ಕೆ ಅರ್ಧ ಇಂಚು ಬಿಎಸ್‌ಪಿ, ಬ್ರಿಟಿಷ್ ಪೈಪಿನ ಅಳತೆ. ಅರ್ಧ ಇಂಚು ಎಂಬುದು ಹೆಸರಿಗೆ, ಅಳೆದರೆ ಸುಮಾರು 21 ಮಿಲಿಮೀಟರ್, ಅದಕ್ಕೂ ಇಂಚಿಗೆ 14 ಸುತ್ತು. ಮೂರನ್ನೂ ಮೇಜಿನ ಮೇಲೆ ಇಟ್ಟರೆ ಒಡಹುಟ್ಟಿದವರ ಹಾಗೆ ಕಾಣುತ್ತವೆ. ಒಂದರೊಳಗೆ ಇನ್ನೊಂದು ಒಂದು ಸುತ್ತು, ಒಂದೂವರೆ ಸುತ್ತು ಹೋಗಿಯೂ ಬಿಡುತ್ತದೆ. ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಗಿದೆ, ಸ್ಪ್ಯಾನರ್ ಹಾಕೋಣ ಎಂದುಕೊಂಡವನು ಅಲ್ಲಿಗೆ ಕೆಟ್ಟ.

ನಾನು ಸ್ಪ್ಯಾನರ್ ಹಾಕಿಯೂ ಆಗಿತ್ತು. ಕೂಲರಿನದು ಮೆಟ್ರಿಕ್, ಕೈಯಲ್ಲಿದ್ದ ಅಡಾಪ್ಟರ್ ಇಂಚಿನದು. ಒಂದೂವರೆ ಸುತ್ತಿನ ಮೇಲೆ ಬಂದ ಆ ಬಿಗಿತದಲ್ಲಿ ಏನೋ ಮರಳು ಮರಳಾದ ಭಾವ ಇತ್ತು. ಸರಿಯಾದ ಥ್ರೆಡ್ ಬೆರಳಲ್ಲೇ ಜಾರಿಕೊಂಡು ಹೋಗಿ ತಳಕ್ಕೆ ಮುಟ್ಟಿ ಥಟ್ಟನೆ ನಿಲ್ಲುತ್ತದೆ, ತಪ್ಪಾದದ್ದು ದಾರಿಯುದ್ದಕ್ಕೂ ಗೊಣಗುತ್ತದೆ. ಬಿಚ್ಚಿ ನೋಡಿದರೆ ಮೊದಲ ಸುತ್ತಿನ ತುದಿಯಲ್ಲಿ ಕೂದಲೆಳೆಯಷ್ಟು ಅಲ್ಯೂಮಿನಿಯಂ ಎದ್ದಿತ್ತು. ಅದೃಷ್ಟಕ್ಕೆ ಅಷ್ಟೇ. ಥ್ರೆಡ್ ಗೇಜ್ ಎಂಬ ಪುಟ್ಟ ಬಾಚಣಿಗೆಯಂಥ ಉಪಕರಣ ಪೆಟ್ಟಿಗೆಯಲ್ಲೇ ಇತ್ತು. ತೆಗೆಯಲು ಸೋಮಾರಿತನ, ಬೇರೆ ನೆಪವಿಲ್ಲ.

ಹೋಸು ಕತ್ತರಿಸುವುದು ಪಾರಾಯಣದಷ್ಟು ತಾಳ್ಮೆ ಬೇಡುವ ಕೆಲಸ. ರಬ್ಬರಿನ ಮೇಲೆ ಸ್ಟೀಲ್ ತಂತಿಯ ಹೆಣಿಗೆ. ಕತ್ತರಿಸುವ ಜಾಗಕ್ಕೆ ಟೇಪು ಬಿಗಿಯಾಗಿ ಸುತ್ತದಿದ್ದರೆ ಹೆಣಿಗೆ ಕೆದರಿದ ಜಡೆಯಾಗುತ್ತದೆ, ಒಂದೊಂದು ಎಳೆಯೂ ಸೂಜಿಯಾಗಿ ಉಗುರಿನ ಕೆಳಗೆ ಇಳಿಯುತ್ತದೆ. ನನ್ನ ಬಲಗೈಯ ಎರಡು ಬೆರಳು ಒಂದು ವಾರ ಕೀಬೋರ್ಡ್ ಮುಟ್ಟಲಿಲ್ಲ. ತಿರುಗುವ ಡಿಸ್ಕಿನಲ್ಲಿ ಕತ್ತರಿಸಿದ್ದರಿಂದ ರಬ್ಬರಿನ ಪುಡಿ, ಲೋಹದ ಪುಡಿ ಒಳಗೆ ಸೇರಿರುತ್ತದೆ. ತೊಳೆದು, ದಾರ ಕಟ್ಟಿದ ಬಟ್ಟೆಯ ತುಂಡನ್ನು ಈ ತುದಿಯಿಂದ ಆ ತುದಿಗೆ ಎಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಮತ್ತೆ ಮತ್ತೆ ಎಳೆದೆ. ಫಿಟ್ಟಿಂಗನ್ನು ತಿರುಗಿಸಿ ಒಳತಳ್ಳುವಾಗ ಹೋಸು ಸದ್ದಿಲ್ಲದೆ ಹಿಂದೆ ಸರಿದುಬಿಡುವ ಚಾಳಿ ಇದೆ. ಹೋಸಿನ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಗೊತ್ತಾಗುತ್ತದೆ.

ಫಿಲ್ಟರ್ ಇರುವ ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ, ಕಣ್ಣಿಗೆ ಕಾಣದ, ಕೈಗೆ ಮಾತ್ರ ಸಿಗುವ ಮೂಲೆ. ಈ ಕಾರು ಇಟ್ಟುಕೊಂಡ ಎಲ್ಲರ ಮುಂಗೈ ಮೇಲೂ ಒಂದೇ ಜಾಗದಲ್ಲಿ ಗೀರು ಇರುತ್ತದೆ. ಚಕ್ರ ಬಿಚ್ಚಿ ಪಕ್ಕದಿಂದ ಕೈ ಹಾಕಿ ಹಳೆಯ ಫಿಲ್ಟರ್ ತೆಗೆದೆ. ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿರಬಹುದು ಎಂದು ಬೆರಳಾಡಿಸಿ ನೋಡಿದೆ. ಉಂಗುರದ ಮೇಲೆ ಉಂಗುರ ಕೂತರೆ ಸೋರುವುದು ಖಾತ್ರಿ. ಪ್ಲೇಟ್ ಕೂರಿಸಿ ನಡುವಿನ ಬೋಲ್ಟ್ ಬಿಗಿದೆ.

ಸ್ಟಾರ್ಟ್ ಮಾಡುವ ದಿನ ಮಗಳನ್ನು ಕರೆದೆ. ಇಗ್ನಿಷನ್ ಕಾಯಿಲಿನ ಪ್ಲಗ್ ಕಿತ್ತಿಟ್ಟಿದ್ದೆ. ಎಂಜಿನ್ ಹೊತ್ತಿಕೊಳ್ಳದೆ ಬರೀ ತಿರುಗಿದರೆ ಪಂಪು ಖಾಲಿ ಹೋಸು, ಖಾಲಿ ಕೂಲರುಗಳನ್ನು ತುಂಬುತ್ತದೆ. ಅವಳ ಕೆಲಸ ಕೀ ತಿರುಗಿಸಿ ಮುಳ್ಳು ನೋಡುವುದು, ನನ್ನದು ಕೆಳಗೆ ಟಾರ್ಚ್ ಹಿಡಿದು ಮಲಗುವುದು. ಸ್ಟಾರ್ಟರ್ ಕುಯ್ಯೆನ್ನುತ್ತಿತ್ತು. ಐದು ಸೆಕೆಂಡ್, ನಿಲ್ಲಿಸು. ಮತ್ತೆ ಐದು, ನಿಲ್ಲಿಸು. ಮೂರನೆಯ ಸಲ ಸ್ಟಾರ್ಟರಿನ ದನಿಯೇ ಬದಲಾಯಿತು, ಏನೋ ಭಾರ ಎತ್ತುತ್ತಿರುವ ಹಾಗೆ ನಿಧಾನವಾಯಿತು.

“ಅಪ್ಪಾ, ಎದ್ದಿತು!”

ಎರಡು ಮೀಟರ್ ಹೋಸು, ಒಳಗಿನ ಅಡ್ಡಳತೆ ಸುಮಾರು 14 ಮಿಲಿಮೀಟರ್: ಲೆಕ್ಕ ಹಾಕಿದರೆ 300 ಮಿಲಿಲೀಟರ್. ಕೂಲರಿನ ಹೊಟ್ಟೆಗೂ ಹೆಚ್ಚುಕಡಿಮೆ ಅಷ್ಟೇ. ಆ ಹೆಚ್ಚುವರಿ ಆಯಿಲನ್ನು ಒಂದೇ ಸಲಕ್ಕೆ ಸುರಿಯಲಿಲ್ಲ. ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗಿ ಓಡಿ ಬಂದ ಮೇಲೆ ಡಿಪ್‌ಸ್ಟಿಕ್ ನೋಡಿ ತುಂಬಿದೆ. ಆ ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿಟ್ಟು, ಮನೆಯೊಳಗೆ ಹೋಗಿ ಮಲಗಿದೆ. ಬೆಳಗ್ಗೆ ರಟ್ಟಿನ ಮೇಲೆ ಒಂದೇ ಒಂದು ಹನಿ, ಗುಂಡಗೆ, ಕಂದುಬಣ್ಣಕ್ಕೆ. 13ರಲ್ಲಿ ಯಾವುದು? ಮೇಲಿಂದ ಕೆಳಕ್ಕೆ ಒಂದೊಂದನ್ನೇ ಟಿಶ್ಯೂ ಕಾಗದ ಒತ್ತಿ ನೋಡುತ್ತಾ ಬಂದೆ. ಕೂಲರಿನ ಎರಡನೆಯ ಹೋಸಿನ ನಟ್ಟು. ಕೈಯಲ್ಲಿ ತಿರುಗಿಸಿ ಬಿಟ್ಟದ್ದು, ಸ್ಪ್ಯಾನರ್ ಹಾಕಿಯೇ ಇರಲಿಲ್ಲ! ಯಾರದೋ ಫೋನ್ ಬಂದಿತ್ತು ಆಗ. ಅಂದಿನಿಂದ ಬಿಗಿದ ಪ್ರತಿ ನಟ್ಟಿನ ಮೇಲೂ ಹಳದಿ ಬಣ್ಣದ ಗೆರೆ ಎಳೆಯುತ್ತೇನೆ, ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಲೋಹದ ಮೇಲೆ. ನಟ್ಟು ಅಲುಗಿದರೆ ಗೆರೆ ಮುರಿಯುತ್ತದೆ.

ಟ್ರ್ಯಾಕಿಗೆ ಹೋದೆ. 124. ಅಷ್ಟೇ! ಏಳು ಡಿಗ್ರಿಗೆ ಇಷ್ಟೆಲ್ಲಾ ಪಾಡೇ ಎಂದು ಪಿಟ್‌ನಲ್ಲಿ ಕೂತು ಯೋಚಿಸಿದೆ. ಮನೆಗೆ ಬಂದು ಕೂಲರಿನ ಮುಂದೆ, ಪಕ್ಕದಲ್ಲಿ ಉಣ್ಣೆಯ ದಾರದ ತುಂಡುಗಳನ್ನು ಅಂಟಿಸಿ, ಬಾಯಿಯ ಒಳಗೊಂದು ಪುಟ್ಟ ಕ್ಯಾಮರಾ ಕಟ್ಟಿ, ಖಾಲಿ ರಸ್ತೆಯಲ್ಲಿ ಓಡಿಸಿಬಂದೆ. ಸಂಜೆ ಆ ವಿಡಿಯೋ ನೋಡಿದಾಗ ನಗು ಬಂತು. ಕೂಲರಿನ ಮುಂದಿನ ದಾರಗಳು ಒಳಮುಖವಾಗಿ ನಿಲ್ಲುವ ಬದಲು ಪಕ್ಕಕ್ಕೆ ಬಾಗಿ, ಮೂಲೆಯತ್ತ ಕೈ ತೋರಿಸುತ್ತಿದ್ದವು. ಗಾಳಿ ಕೂಲರಿನ ಮುಖದವರೆಗೆ ಬಂದು, ಪಕ್ಕದ ಮೂರು ಬೆರಳಿನ ಸಂದಿಯಿಂದ ಜಾರಿಕೊಳ್ಳುತ್ತಿತ್ತು. ಹೊದಿಕೆಯಿಂದ ಕಲಿತ ಪಾಠವನ್ನೇ ನಾನು ಇಲ್ಲಿ ಮರೆತಿದ್ದೆ.

ಮತ್ತೆ ರಟ್ಟು. ಗಾಳಿಯ ಬಾಯಿ ಕೂಲರಿನ ಮುಖದ ಮೂರನೇ ಒಂದು ಭಾಗದಷ್ಟಿದ್ದು, ಅಲ್ಲಿಂದ ನಿಧಾನವಾಗಿ ಅಗಲವಾಗುತ್ತಾ ಬಂದು ಕೂಲರಿನ ನಾಲ್ಕೂ ಅಂಚಿಗೆ ಮುಚ್ಚಿಕೊಳ್ಳುವ ನಾಳ. ಅಗಲವಾದಂತೆ ಗಾಳಿಯ ವೇಗ ತಗ್ಗಿ ಒತ್ತಡ ಏರುತ್ತದೆ, ಆ ಒತ್ತಡವೇ ಅದನ್ನು ಸಾಲುಗಳ ನಡುವೆ ನುಗ್ಗಿಸುತ್ತದೆ. ರಟ್ಟಿನದು ಸರಿಯಾಗಿ ಕೂತ ಮೇಲೆ ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಅದನ್ನೇ ಕತ್ತರಿಸಿ ರಿವೆಟ್ ಹೊಡೆದೆ, ಅಂಚಿಗೆ ಫೋಮ್. ನೋಡಲು ಶಾಲಾ ಮಕ್ಕಳ ಕರಕುಶಲ ವಸ್ತುವಿನಂತಿದೆ. ಟ್ರ್ಯಾಕಿನಲ್ಲಿ 113. ಆರನೆಯ ಸುತ್ತಿನಲ್ಲೂ 113, ಏರಲಿಲ್ಲ. ಪಿಟ್‌ಗೆ ಬಂದು ನಿಂತಾಗ ಟ್ಯಾಪೆಟ್‌ಗಳು ಮೌನ. ನೀರಿನ ಮುಳ್ಳು ಮಾತ್ರ ಮೊದಲಿಗಿಂತ ಒಂದು ಕೂದಲು ಮೇಲಿದೆ. ಕೂಲರಿನ ಬಿಸಿಗಾಳಿ ತನ್ನ ಸುಂಕ ವಸೂಲು ಮಾಡುತ್ತಿದೆ.

ಖುಷಿಯಲ್ಲಿದ್ದವನನ್ನು ನೆಲಕ್ಕೆ ಇಳಿಸಿದ್ದು ಮುನ್ನೂರು ಕಿಲೋಮೀಟರ್ ಆದ ಮೇಲೆ ಕೆಳಗೆ ಹೊಕ್ಕು ನೋಡಿದ ಒಂದು ಹೊಳೆಯುವ ಗುರುತು. ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಮುಂದಿನ ಉಕ್ಕಿನ ಸರಳು, ಅಂದರೆ ಆಂಟಿ-ರೋಲ್ ಬಾರಿನ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಪೈಂಟ್ ಪೂರ್ತಿ ಹೋಗಿ ಬರಿಯ ಉಕ್ಕು ಕನ್ನಡಿಯಾಗಿತ್ತು. ಮೇಲೆ ಹಾದುಹೋಗುವ ಹೋಸು ನಿಂತಾಗ ಬಾರಿನಿಂದ ಒಂದು ಬೆರಳು ದೂರವಿರುತ್ತದೆ. ಚಕ್ರ ಉಬ್ಬಿನ ಮೇಲೆ ಹತ್ತಿದಾಗ ಬಾರು ಮೇಲೇರಿ ಅದನ್ನು ಮುಟ್ಟುತ್ತದೆ ಎಂದು ನಾನು ಅಳೆದಿರಲಿಲ್ಲ. ಸ್ಟೀಲ್ ಹೆಣಿಗೆಯ ಹೋಸು ಎಂದರೆ ಗುಂಡಾದ ಒಂದು ಉದ್ದನೆಯ ಅರ. ಬಾರನ್ನು ಅದು ಉಜ್ಜುತ್ತದೆ, ವೈರನ್ನು ಉಜ್ಜುತ್ತದೆ, ಪಕ್ಕದಲ್ಲಿ ತನ್ನದೇ ಜೊತೆಯ ಹೋಸಿದ್ದರೆ ಅದನ್ನೂ ಉಜ್ಜುತ್ತದೆ. ಹೆಣಿಗೆಯ ನಾಲ್ಕು ಎಳೆ ತುಂಡಾಗಿತ್ತು. ಆ ಹೋಸನ್ನು ಎಸೆದು ಹೊಸದನ್ನು ಬೇರೆ ದಾರಿಯಲ್ಲಿ ಎಳೆದೆ, ಮೇಲೆ ರಬ್ಬರ್ ತೋಳು ಹಾಕಿ, ಎರಡು ಕಡೆ ಕ್ಲಿಪ್ ಬಿಗಿದು. ಈ ಸಲ ಚಕ್ರದ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ ಇಳಿಸಿ ನೋಡಿದೆ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿದೆ.

ಎಲ್ಲ ಮುಗಿಸಿ ಬಂಪರ್ ಕೂರಿಸುವಾಗ, ಮುಂದೊಂದು ದಿನ ಈ ಕಾರಿನ ಕೆಳಗೆ ಅಂಗಾತ ಮಲಗುವವನು ನೆನಪಾದ. ಈ ಥ್ರೆಡ್ ಮೆಟ್ರಿಕ್ಕೋ ಇಂಚೋ ಅವನಿಗೆ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಆಯಿಲ್ ಎಷ್ಟು ಹಿಡಿಯುತ್ತದೆ ಎಂದು ಪುಸ್ತಕ ತೆರೆದರೆ ಅದು 3.6 ಲೀಟರ್ ಎನ್ನುತ್ತದೆ. ಈ ಹೋಸು ಯಾಕೆ ಇಷ್ಟು ಸುತ್ತಿ ಬಳಸಿ ಹೋಗಿದೆ, ನೇರ ಹಾಕಬಾರದಿತ್ತೇ ಎಂದು ಅವನು ನೇರ ಮಾಡಲೂಬಹುದು. ಆಗ ನನ್ನ ಕೈಕೆಲಸ ಅವನಿಗೆ ಪರಿಚಯವಾಗಿರುತ್ತದೆ, ಮುಖ ಗೊತ್ತಿರುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಬರೆದೆ. ಹೋಸಿನ ದಾರಿಯ ಚಿತ್ರ, ಪ್ರತಿ ಕೀಲಿನ ಥ್ರೆಡ್ಡಿನ ಅಳತೆ, ಫಿಲ್ಟರ್ ಸೇರಿ ಒಟ್ಟು 4.2 ಲೀಟರ್ ಆಯಿಲ್, ಹಳದಿ ಗೆರೆಗಳ ಅರ್ಥ. ಮಗಳು ಅದನ್ನು ಓದಿ, ಚಿತ್ರದಲ್ಲಿ ಆಂಟಿ-ರೋಲ್ ಬಾರ್ ಹಾದುಹೋಗುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ದೊಡ್ಡ ಬಾಣ ಬರೆದಳು. ಡ್ಯಾಶ್‌ಬೋರ್ಡಿನ ಹಿಂದಿನ ಕೆಂಪು ಟೇಪಿನ ವೈರಿನ ಬಗ್ಗೆಯೂ ಒಂದು ಸಾಲು ಸೇರಿಸಿದೆ: ಇದು ನನ್ನದಲ್ಲ, ನನಗೂ ಗೊತ್ತಿಲ್ಲ. ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಗೆ ತುಂಬಿ ಗ್ಲವ್ ಬಾಕ್ಸಿನಲ್ಲಿ ಇಟ್ಟೆ. ಮೊನ್ನೆ ಆಯಿಲ್ ಬದಲಿಸುವಾಗ ಮತ್ತೆ ಹೊರತೆಗೆದು ಕೊನೆಯಲ್ಲಿ ಇನ್ನೊಂದು ಸಾಲು ಬರೆಯಬೇಕಾಯಿತು: ಫಿಲ್ಟರ್ ಬಿಚ್ಚುವಾಗ ಪ್ಲೇಟೂ ಜೊತೆಗೆ ತಿರುಗುತ್ತದೆ, ಇನ್ನೊಂದು ಕೈಯಿಂದ ಹಿಡಿದುಕೊಳ್ಳಿ.